ಎಂಟು ಚದರದ ವಿದ್ಯೆ

ಆರ್ಕಿಟೆಕ್ಚರ್ ಓದಿದ ಐದು ವರ್ಷಗಳಲ್ಲಿ ನಾನು ಬಸ್ ತಂಗುದಾಣ, ಅಂಗನವಾಡಿ, ವಸ್ತುಸಂಗ್ರಹಾಲಯ, ನೂರು ಹಾಸಿಗೆಯ ಆಸ್ಪತ್ರೆ, ಗುಡ್ಡದ ಮೇಲಿನ ಅತಿಥಿಗೃಹ, ಇವೆಲ್ಲವನ್ನೂ ವಿನ್ಯಾಸ ಮಾಡಿದೆ. ಆದರೆ ತುಮಕೂರಿನ ಯಾವ ಹೊಸ ಬಡಾವಣೆಗೆ ಹೋದರೂ ಸಾಲುಸಾಲಾಗಿ ಕಾಣುವ, ನಮ್ಮೂರಿನ ಮಧ್ಯಮ ವರ್ಗದವರು ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕೊಳ್ಳುವ ಮೂವತ್ತು ನಲವತ್ತರ ಸೈಟಿನ ಮೇಲೆ ಒಂದು ಮನೆಯನ್ನು ರೂಪಿಸಿ ಎಂದು ಯಾವ ಸೆಮಿಸ್ಟರ್‌ನಲ್ಲೂ ಯಾರೂ ಕೇಳಲಿಲ್ಲ. ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ನನ್ನ ಬಳಿಗೆ ಬಂದ ಕೆಲಸ ಹೆಚ್ಚುಕಡಿಮೆ ಅದೊಂದೇ. ಇದನ್ನು ನಾನು ಓದಿದ ಕಾಲೇಜಿನ ಕೊರತೆಯೆಂದು ಹೇಳುತ್ತಿಲ್ಲ; ಬೇರೆ ಬೇರೆ ಊರುಗಳಲ್ಲಿ ಓದಿದ ಗೆಳತಿಯರನ್ನು ವಿಚಾರಿಸಿದಾಗಲೂ ಇದೇ ಉತ್ತರ ಸಿಕ್ಕಿತು. ಚಿಕ್ಕ ಸೈಟಿನ ಮನೆ ಈ ವಿದ್ಯೆಗೆ ತಕ್ಕ ವಿಷಯವಲ್ಲ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ನೆಲೆನಿಂತಿದೆ. ಕಳೆದ ಕೆಲವು ವರ್ಷಗಳ ಕೆಲಸ ನನಗೆ ಮನದಟ್ಟು ಮಾಡಿಕೊಟ್ಟದ್ದು ಇದಕ್ಕೆ ತೀರಾ ವಿರುದ್ಧವಾದುದನ್ನು. ನಾವು ಕಲಿತದ್ದೆಲ್ಲವೂ ಪೂರ್ತಿಯಾಗಿ ಬೇಕಾಗುವುದು ಇಂಥ ಸೈಟಿನಲ್ಲಿಯೇ.

ಲೆಕ್ಕ ನೋಡೋಣ. ಸೈಟು 1200 ಚದರ ಅಡಿ. ಎರಡು ಬದಿಗಳಲ್ಲೂ ಹಿಂದೆಯೂ ಮೂರು ಮೂರು ಅಡಿ, ಮುಂದೆ ನಾಲ್ಕು ಅಡಿ ಬಿಟ್ಟರೆ ಕಟ್ಟಲು ಉಳಿಯುವುದು 24 ಅಡಿ ಅಗಲ, 33 ಅಡಿ ಉದ್ದ. ಅಂದರೆ 792 ಚದರ ಅಡಿ, ಮನೆ ಕಟ್ಟಿಸುವವರ ಮಾತಿನಲ್ಲಿ ಸುಮಾರು ಎಂಟು ಚದರ. ಹೊರಗೋಡೆಗಳು ಒಂಬತ್ತು ಇಂಚಿನವಾದರೆ ಅವೇ 83 ಚದರ ಅಡಿಯನ್ನು ನುಂಗುತ್ತವೆ, ಆರು ಇಂಚಿನವಾದರೆ 56. ನಡುವಿನ 27 ಚದರ ಅಡಿಯಲ್ಲಿ ಒಂದು ಬಚ್ಚಲುಮನೆ ಹಿಡಿಸುತ್ತದೆ. ಹಾಗೆಂದು ಆರು ಇಂಚನ್ನೇ ಆರಿಸಿಕೊಂಡರೆ, ಪಶ್ಚಿಮದ ಸಿಮೆಂಟ್ ಬ್ಲಾಕಿನ ಗೋಡೆ ಏಪ್ರಿಲ್ ತಿಂಗಳ ಮಧ್ಯಾಹ್ನವೆಲ್ಲ ಕಾದು, ಮಲಗುವ ಹೊತ್ತಿಗೂ ಒಳಕ್ಕೆ ಶಾಖ ಬಿಡುತ್ತಲೇ ಇರುತ್ತದೆ. ಮೆಟ್ಟಿಲ ವಿಷಯವೂ ಅಷ್ಟೇ. ಹತ್ತು ಅಡಿ ಎತ್ತರಕ್ಕೆ ಆರು ಇಂಚಿನ 20 ಮೆಟ್ಟಿಲು ಬೇಕು. ಮೂರಡಿ ಅಗಲದ ಎರಡು ಸಾಲಾಗಿ ಮಡಚಿದರೂ ತಿರುವಿನ ಕಟ್ಟೆ ಸೇರಿ ಹತ್ತೂವರೆ ಅಡಿ ಉದ್ದ, ಆರೂವರೆ ಅಡಿ ಅಗಲದ ಜಾಗ ಹೋಗುತ್ತದೆ. ಇದು ಹತ್ತಕ್ಕೆ ಹತ್ತರ ಕೋಣೆಯ ಮೂರರಲ್ಲಿ ಎರಡು ಪಾಲು. ಇಷ್ಟರ ಮೇಲೆ ಕಾರು ನಿಲ್ಲಬೇಕು, ಸಂಪು ಬೇಕು, ಮಗನ ಮದುವೆಯಾದಾಗ ಮೇಲೊಂದು ಮನೆ ಏಳಿಸುವಂತಿರಬೇಕು, ಆಗ ಕೆಳಗಿನದನ್ನು ಬಾಡಿಗೆಗೆ ಕೊಡುವಂತೆಯೂ ಇರಬೇಕು. ಅಷ್ಟು ದೊಡ್ಡ ಆಸ್ಪತ್ರೆಯನ್ನು ಬಿಡಿಸುವಾಗಲೂ ಇಷ್ಟೊಂದು ಬೇಡಿಕೆಗಳು ಒಂದೇ ಅಂಗುಲಕ್ಕಾಗಿ ಜಗಳವಾಡಿದ್ದು ನನಗೆ ನೆನಪಿಲ್ಲ.

ಬಿ.ಆರ್ಕ್ ಐದು ವರ್ಷಗಳ, ಹತ್ತು ಸೆಮಿಸ್ಟರ್‌ಗಳ ಪದವಿ. ಪಿಯುಸಿಯಲ್ಲಿ ಗಣಿತ ಓದಿ, ನಾಟಾದಂಥ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ರಚನಾಶಾಸ್ತ್ರ, ಕಟ್ಟಡ ಸಾಮಗ್ರಿ, ವಾಸ್ತುಶಿಲ್ಪದ ಇತಿಹಾಸ, ಹವಾಮಾನ ಎಂದು ಹಲವು ವಿಷಯಗಳಿದ್ದರೂ ಓದಿನ ಜೀವಾಳ ಇರುವುದು ಡಿಸೈನ್ ಸ್ಟುಡಿಯೋದಲ್ಲಿ. ಒಂದು ಕಟ್ಟಡವನ್ನು ಕಲ್ಪಿಸಿಕೊಂಡು, ಅದರ ನಕ್ಷೆಗಳನ್ನೂ ಮಾದರಿಯನ್ನೂ ತಯಾರಿಸಿ, ಕೊನೆಗೆ ಪರಿಣತರ ಜ್ಯೂರಿಯ ಮುಂದೆ ನಿಂತು ಪ್ರತಿಯೊಂದು ಗೆರೆಗೂ ಕಾರಣ ಕೊಡಬೇಕು. ಈ ಅಭ್ಯಾಸಕ್ಕೆ ನಾನು ಇಂದಿಗೂ ಋಣಿ. ಬಾಗಿಲು ಇಲ್ಲೇ ಏಕೆ ಎಂದು ಯಾರಾದರೂ ಕೇಳಿದರೆ ತಡವರಿಸದೆ ಉತ್ತರಿಸುವ ಶಕ್ತಿ ಬಂದದ್ದು ಅಲ್ಲಿಂದ. ಆದರೆ ಆ ಕಾಲ್ಪನಿಕ ಸೈಟುಗಳಿಗೆ ಒತ್ತಿಕೊಂಡ ನೆರೆಮನೆ ಇರುತ್ತಿರಲಿಲ್ಲ, ಬ್ಯಾಂಕಿನ ಸಾಲದ ಕಂತು ಇರುತ್ತಿರಲಿಲ್ಲ, ಈಶಾನ್ಯದ ಮೂಲೆಯಲ್ಲಿ ಸಂಪು ಬೇಕೆನ್ನುವ ಅಜ್ಜಿಯೂ ಇರುತ್ತಿರಲಿಲ್ಲ. ಇವು ವಿನ್ಯಾಸಕ್ಕೆ ಅಡ್ಡಬರುವ ತೊಡಕುಗಳೆಂದು ಆಗ ನಮಗೆ ತೋರುತ್ತಿತ್ತು. ಇವೇ ವಿನ್ಯಾಸದ ಸಾಮಗ್ರಿ ಎಂದು ಕಾಣತೊಡಗಿದ್ದು ಒಂದು ಅಟ್ಟವನ್ನು ಅಳೆದಾಗ.

ಹಳೆಯ ಕಟ್ಟಡವೊಂದನ್ನು ಟೇಪು ಹಿಡಿದು ಅಳೆದು, ಅದು ಇರುವಂತೆಯೇ ಕಾಗದದ ಮೇಲೆ ತರುವ ಅಭ್ಯಾಸವೊಂದು ನಮ್ಮ ಓದಿನಲ್ಲಿ ಬರುತ್ತದೆ. ನಮ್ಮ ಗುಂಪಿಗೆ ಸಿಕ್ಕಿದ್ದು ತಿಪಟೂರು ಕಡೆಯ ಹಳ್ಳಿಯ ಒಂದು ತೊಟ್ಟಿಮನೆ. ಜಗಲಿ, ಪಡಸಾಲೆ, ನಡುಮನೆ, ದೇವರ ಕೋಣೆ, ಹಿತ್ತಲು ಎಲ್ಲವನ್ನೂ ಅಳೆದು ಮುಗಿಸಿದಾಗ, ನಕ್ಷೆ ಬಹುಮಟ್ಟಿಗೆ ಮುಗಿಯಿತೆಂದೇ ನಾವು ತಿಳಿದಿದ್ದೆವು. ಏಣಿ ಹತ್ತಿ ಅಟ್ಟಕ್ಕೆ ಹೋದ ಮೇಲೆ ಆ ಮನೆ ಬೇರೆಯೇ ಆಗಿ ಕಂಡಿತು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ಹರಡಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದರೆ ಒಳಗೆ ಗುಂಡಿನಂತೆ ಸದ್ದು ಮಾಡುತ್ತದೆ. ಆಮೇಲೆಯೇ ಸುಲಿದು, ಚಿಪ್ಪು ಒಡೆದು, ಇಡಿಯಾದ ಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುವುದು. ಬಿಸಿಲು ನೇರವಾಗಿ ಬಡಿಯದೆ, ತೇವ ನಿಲ್ಲದೆ, ಗಾಳಿ ಮಾತ್ರ ಸದಾ ಹಾಯುತ್ತಿರುವ ಜಾಗ ಅದಕ್ಕೆ ಬೇಕು.

ಆ ಮನೆ ನಿಂತಿದ್ದದ್ದೇ ಈ ಅಗತ್ಯದ ಮೇಲೆ. ಅಟ್ಟದ ನೆಲಕ್ಕೆ ಹಲಗೆ ಮುಚ್ಚಿರಲಿಲ್ಲ. ಅಡಿಕೆ ದಬ್ಬೆಗಳನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹಾಸಿದ್ದರು. ಅಡುಗೆಮನೆಯ ಬಿಸಿ ಮತ್ತು ಹೊಗೆ ಆ ಸಂದುಗಳಿಂದ ಮೇಲೇರಿ, ಕಾಯಿಗಳ ನಡುವೆ ಹಾದು, ಮಂಗಳೂರು ಹೆಂಚಿನ ಸಂದುಗಳಿಂದಲೂ ಮುಂಗೋಡೆಯ ತುದಿಯ ಜಾಲಂಧ್ರದಿಂದಲೂ ಹೊರಗೆ ಹೋಗುತ್ತಿತ್ತು. ಅದು ಹೊರಹೋದಷ್ಟೂ ತೊಟ್ಟಿಯ ಕಡೆಯಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ಕಾಯಿಯ ರಾಶಿಯ ಭಾರಕ್ಕೆ ತಕ್ಕಂತೆ ತೊಲೆಗಳ ದಪ್ಪ, ತೊಲೆಗಳಿಗೆ ತಕ್ಕಂತೆ ಕಂಬಗಳ ಅಂತರ, ಕಂಬಗಳಿಗೆ ತಕ್ಕಂತೆ ಪಡಸಾಲೆಯ ಅಗಲ ನಿರ್ಧಾರವಾಗಿತ್ತು. ಮನೆಯ ಹಿರಿಯಾಕೆ ಕೆಳಗಿನಿಂದಲೇ ಕೂಗಿ ಹೇಳಿದರು: ‘ಗಾಳಿ ಆಡ್ದಿದ್ರೆ ಕಾಯಿ ಕೆಟ್ಟೋಗ್ತವೆ ಕಣವ್ವ, ಅದ್ಕೇ ಹಿಂಗ್ ಕಟ್ಟಿರೋದು.’ ಹವಾಮಾನಶಾಸ್ತ್ರದ ಪಾಠದಲ್ಲಿ ಬಾಣದ ಗುರುತುಗಳಿಂದ ಬಿಡಿಸಿ ತೋರಿಸುವ ಗಾಳಿಯ ಹರಿವನ್ನು ನಾನು ಮೈಮೇಲೆ ಅನುಭವಿಸಿದ್ದು ಆ ಅಟ್ಟದಲ್ಲಿ. ನೆಲದ ನಕ್ಷೆ ನೋಡಿದರೆ ಅದು ಈ ಸೀಮೆಯ ಹತ್ತಾರು ತೊಟ್ಟಿಮನೆಗಳಂತೆಯೇ ಕಾಣುತ್ತದೆ. ಮೇಲಿನಿಂದ ಕೆಳಗೆ ಸೀಳಿ ತೋರಿಸುವ ಸೆಕ್ಷನ್ ಬಿಡಿಸಿದಾಗಲೇ ಅದರ ಬುದ್ಧಿ ಗೊತ್ತಾಗುವುದು. ಅಂದಿನಿಂದ ಯಾವ ಮನೆಯನ್ನಾದರೂ ಮೊದಲು ಸೆಕ್ಷನ್‌ನಲ್ಲಿ ಯೋಚಿಸುವುದು ನನಗೆ ರೂಢಿಯಾಯಿತು.

ಪದವಿಯ ಒಂದು ಸೆಮಿಸ್ಟರ್ ಪೂರ್ತಿ ಯಾವುದಾದರೂ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಪ್ರಾಯೋಗಿಕ ತರಬೇತಿ ಪಡೆಯಬೇಕು. ನಾನು ತರಬೇತಿ ಪಡೆದದ್ದು ಬೆಂಗಳೂರಿನ ಒಂದು ಕಚೇರಿಯಲ್ಲಿ. ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರಲ್ಲಿ ನಾನೂ ಒಬ್ಬಳಾಗಿದ್ದೆ. ಹೊಸಬರಿಗೆ ಅಲ್ಲಿ ವಿನ್ಯಾಸದ ಕೆಲಸ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ನನಗೆ ಒಪ್ಪಿಸಿದ್ದು ಸ್ನಾನದ ಮನೆಗಳ ವಿವರ ನಕ್ಷೆಗಳು, ಬಾಗಿಲು ಕಿಟಕಿಗಳ ಪಟ್ಟಿ, ಮೆಟ್ಟಿಲ ಕಟಕಟೆಯ ಜೋಡಣೆ. ಬೇಸರ ತರಿಸುವ ಕೆಲಸವೆಂದು ಕೆಲವರು ಇದನ್ನು ಹಗುರವಾಗಿ ಕಾಣುತ್ತಾರೆ. ನನ್ನ ಅಭಿಪ್ರಾಯದಲ್ಲಿ ತರಬೇತಿಯ ತಿರುಳೇ ಅದು. ಗೋಡೆಯಿಂದ ಗೋಡೆಗೆ ನಾಲ್ಕು ಅಡಿ ಎಂದು ಬರೆದ ಸ್ನಾನದ ಮನೆಯಲ್ಲಿ, ಗಾರೆ ಮತ್ತು ಟೈಲ್ಸ್ ಸೇರಿ ಒಂದೊಂದು ಬದಿಗೂ ಒಂದೂವರೆ ಇಂಚು ದಪ್ಪವಾದರೆ, ಕೊನೆಗೆ ಉಳಿಯುವುದು ಮೂರಡಿ ಒಂಬತ್ತು ಇಂಚು. ಅಲ್ಲಿಯ ಹಿರಿಯರೊಬ್ಬರು ಪ್ರತಿಯೊಂದು ಅಳತೆಯ ಪಕ್ಕದಲ್ಲೂ ಅದು ಬರಿಯ ಗೋಡೆಯ ಅಳತೆಯೋ ಕೆಲಸ ಮುಗಿದ ಮೇಲಿನ ಅಳತೆಯೋ ಎಂದು ನಮೂದಿಸಲು ಕಲಿಸಿದರು. ದೊಡ್ಡ ಬಂಗಲೆಯಲ್ಲಿ ಈ ಮೂರು ಇಂಚು ಯಾರ ಗಮನಕ್ಕೂ ಬಾರದು; ಎಂಟು ಚದರದ ಮನೆಯಲ್ಲಿ ಬಾಗಿಲು ತೆರೆದುಕೊಳ್ಳುವುದೂ ಕಮೋಡಿಗೆ ತಾಗುವುದೂ ಇದರ ಮೇಲೆಯೇ ನಿಂತಿರುತ್ತದೆ.

ತರಬೇತಿಯ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ನನಗೆ ರೈಲಿನ ಪಾಸು ಮತ್ತು ಊಟದ ಖರ್ಚಿಗಾಗುವಷ್ಟು ಗೌರವಧನ ಸಿಗುತ್ತಿತ್ತು. ನನ್ನ ಜೊತೆಗೆ ಓದಿದ ಕೆಲವರಿಗೆ ಅದೂ ಇರಲಿಲ್ಲ. ಬೆಂಗಳೂರಿನಲ್ಲಿ ಕೋಣೆಯ ಬಾಡಿಗೆ ಕಟ್ಟಿ, ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿಯುವ ಶಕ್ತಿ ಎಷ್ಟು ಮನೆಗಳಿಗಿದೆ? ಪಾವಗಡದಿಂದಲೋ ಮಧುಗಿರಿಯಿಂದಲೋ ಬಂದ ಹುಡುಗಿಗೆ ಒಳ್ಳೆಯ ಕಚೇರಿಯ ಬಾಗಿಲು ಮುಚ್ಚುವುದು ಪ್ರತಿಭೆಯ ಕೊರತೆಯಿಂದ ಅಲ್ಲ, ಈ ಲೆಕ್ಕದಿಂದ. ಕಲಿಯುವವರೂ ಕೆಲಸವನ್ನೇ ಮಾಡುತ್ತಿದ್ದಾರೆ. ಅವರು ತಯಾರಿಸಿದ ನಕ್ಷೆಯಿಂದ ಕಟ್ಟಡ ಏಳುತ್ತದೆ. ಅದಕ್ಕೆ ತಕ್ಕ ಹಣ ಕೊಡುವುದು ನ್ಯಾಯ.

ಊರಿಗೆ ಬಂದು ಕೆಲಸ ಆರಂಭಿಸಿದಾಗ ಎದುರಾದ ಮೊದಲ ಪ್ರಶ್ನೆ, ಆರ್ಕಿಟೆಕ್ಟ್ ಯಾಕೆ ಬೇಕು ಎಂಬುದು. ಅದು ಅಸಡ್ಡೆಯ ಪ್ರಶ್ನೆಯಲ್ಲ. ಪಾಲಿಕೆಗೆ ಸಲ್ಲಿಸುವ ಪ್ಲಾನನ್ನು ಎಂಜಿನಿಯರ್ ಹಾಕಿಕೊಡುತ್ತಾರೆ, ಕಟ್ಟುವುದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ, ಕೋಣೆಗಳ ದಿಕ್ಕನ್ನು ವಾಸ್ತು ನೋಡುವವರು ಹೇಳುತ್ತಾರೆ. ಇವರ ನಡುವೆ ಇನ್ನೊಬ್ಬರಿಗೆ ಶುಲ್ಕ ಕೊಡುವುದು ಯಾವುದಕ್ಕೆ ಎಂದು ಕೇಳುವ ಹಕ್ಕು ಸಾಲ ಮಾಡಿ ಕಟ್ಟಿಸುವವರಿಗೆ ಖಂಡಿತ ಇದೆ. 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸಬಹುದು. ಆದರೆ ಆ ಕಾಯಿದೆ ಕಾಪಾಡುವುದು ಹೆಸರನ್ನಷ್ಟೇ, ನೋಂದಣಿಯಿಲ್ಲದವರು ಕಟ್ಟಡದ ವಿನ್ಯಾಸ ಮಾಡುವುದನ್ನು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಕಾನೂನಿನ ಬಲದಿಂದ ನಮಗೆ ಕೆಲಸ ಬರುವುದಿಲ್ಲ. ಎಂಟು ಚದರದಲ್ಲಿ ಬೇರೆಯವರಿಂದ ಆಗದ ಯಾವ ಉಪಕಾರವನ್ನು ನಾವು ಮಾಡಬಲ್ಲೆವು ಎಂಬುದನ್ನು ಮಾಡಿಯೇ ತೋರಿಸಬೇಕು.

ನನ್ನ ಮಟ್ಟಿಗೆ ಆ ಉಪಕಾರ ಬಿಸಿಲು ಮತ್ತು ಗಾಳಿಯಿಂದ ಆರಂಭವಾಗುತ್ತದೆ. ತುಮಕೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ಜೂನ್‌ನಲ್ಲಿ ನೆತ್ತಿಯಿಂದ ಹತ್ತು ಡಿಗ್ರಿ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣದ ಆಕಾಶದಲ್ಲಿ 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜ ಇದ್ದರೆ ಡಿಸೆಂಬರ್‌ನ ನಡುಮಧ್ಯಾಹ್ನದಲ್ಲೂ ಸಜ್ಜದಿಂದ ಎರಡೂವರೆ ಅಡಿಗಿಂತ ಕೆಳಗಿನವರೆಗೆ ನೆರಳು ಬೀಳುತ್ತದೆ. ಪಶ್ಚಿಮಕ್ಕೆ ಅದೇ ಸಜ್ಜ ಏನೂ ಪ್ರಯೋಜನವಿಲ್ಲ, ಏಕೆಂದರೆ ಇಳಿಹೊತ್ತಿನ ಬಿಸಿಲು ಅಡ್ಡಡ್ಡವಾಗಿ ಬರುತ್ತದೆ. ಮುಂಗಾರಿನ ಗಾಳಿ ಬೀಸುವುದೂ ನೈರುತ್ಯದಿಂದಲೇ. ಬೇಸಿಗೆಯಲ್ಲಿ ಮುಚ್ಚಬೇಕಾದ ದಿಕ್ಕು, ಜೂನ್ ನಂತರ ತೆರೆಯಬೇಕಾದ ದಿಕ್ಕು ಒಂದೇ ಆದದ್ದು ನಮ್ಮೂರಿನ ಮನೆಗಳ ನಿಜವಾದ ಕಗ್ಗಂಟು.

ಇದಕ್ಕೆ ನಾನು ಮತ್ತೆ ಮತ್ತೆ ಮೊರೆಹೋಗುವುದು ಮೆಟ್ಟಿಲಿಗೆ. ಮೆಟ್ಟಿಲು ಮತ್ತು ಬಚ್ಚಲನ್ನು ಪಶ್ಚಿಮಕ್ಕೆ ಇಟ್ಟರೆ, ಬಿಸಿಲನ್ನು ಮೊದಲು ಅವು ತಡೆದುಕೊಂಡು ಮಲಗುವ ಕೋಣೆಗಳನ್ನು ಕಾಪಾಡುತ್ತವೆ. ವಾಸ್ತು ನೋಡುವವರೂ ಮೆಟ್ಟಿಲಿಗೆ ದಕ್ಷಿಣ, ಪಶ್ಚಿಮ, ನೈರುತ್ಯಗಳನ್ನು ಒಪ್ಪುವುದರಿಂದ ಅಲ್ಲಿ ವಾದಕ್ಕೆ ಎಡೆಯಿಲ್ಲ. ಅಲ್ಲದೆ ಮೆಟ್ಟಿಲ ಜಾಗ ತಾರಸಿಯವರೆಗೆ ತೆರವಾಗಿರುವುದರಿಂದ ಮನೆಯ ಬಿಸಿಗಾಳಿಯೆಲ್ಲ ಅದರ ಮೂಲಕ ಮೇಲೇರಬಲ್ಲದು. ತಾರಸಿಯ ಮೇಲಿನ ಮೆಟ್ಟಿಲ ಕೋಣೆಯ ನೆತ್ತಿಯಲ್ಲಿ, ಮುಂಗಾರಿನ ಇರಚಲು ತಾಗದ ಪೂರ್ವದ ಕಡೆಗೆ, ಸದಾ ತೆರೆದಿರುವ ಜಾಲರಿ ಕಿಂಡಿಯನ್ನು ಬಿಟ್ಟರೆ ಸಾಕು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಟ್ಯೂಬ್ ಹೌಸ್ ಎಂಬ ಇಕ್ಕಟ್ಟಾದ ಮನೆಯಲ್ಲಿ, ಕಾದ ಗಾಳಿ ಇಳಿಜಾರಾದ ಒಳಮಾಡಿಗೆ ತಾಗಿ ಜಾರುತ್ತಾ ಮೇಲೇರಿ ತುದಿಯ ಕಿಂಡಿಯಿಂದ ಹೊರಬೀಳುವಂತೆ ಮಾಡಿದ್ದರು. ಕಾಲೇಜಿನ ಪಾಠದಲ್ಲಿ ಆ ಸೆಕ್ಷನ್ ನೋಡಿದಾಗ ನನಗೆ ತಿಪಟೂರಿನ ಕಾಯಿ ಅಟ್ಟ ಕಣ್ಣಮುಂದೆ ಬಂದಿತ್ತು. ಕೊಬ್ಬರಿಗೆ ದೊರೆತ ಗಾಳಿ ಮನುಷ್ಯರಿಗೂ ದೊರೆಯಬೇಕೆಂಬುದಷ್ಟೇ ನನ್ನ ಆಸೆ. ಈ ಕಿಂಡಿಗೆ ಆಗುವ ಖರ್ಚು ಒಂದು ಕಿಟಕಿಗಿಂತ ಕಡಿಮೆ.

ಸಾಮಗ್ರಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ಒಂದು ಪರಂಪರೆಯಿದೆ, ಅದನ್ನು ಇಲ್ಲಿಯವರೇ ಮರೆತಿರುವುದು ನನಗೆ ನೋವಿನ ಸಂಗತಿ. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರ, ತನ್ನ ಗ್ರಾಮೀಣ ಪ್ರಯೋಗಗಳಿಗೆ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು. ಅಸ್ತ್ರ ಒಲೆ ಬಹಳ ಜನರಿಗೆ ಗೊತ್ತು. ಅದೇ ಬಳಗದವರು ಬೆಳೆಸಿದ ಸ್ಥಿರೀಕರಿಸಿದ ಮಣ್ಣಿನ ಬ್ಲಾಕು ಅಷ್ಟಾಗಿ ಗೊತ್ತಿಲ್ಲ. ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟ್ ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅದುಮಿ, ಮೂರು ವಾರಗಳಷ್ಟು ನೀರು ಚಿಮುಕಿಸಿ ಗಟ್ಟಿಮಾಡುತ್ತಾರೆ. ಸುಡುವ ಅಗತ್ಯವಿಲ್ಲ, ಸೌದೆ ಬೇಡ. ಸಾಮಾನ್ಯವಾಗಿ ಬಳಕೆಯಲ್ಲಿರುವ ಬ್ಲಾಕಿನ ಅಳತೆ 230, 190, 100 ಮಿಲಿಮೀಟರ್. ಇಡೀ ಮನೆಗೆ ಇದನ್ನು ಒಪ್ಪಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಮಣ್ಣಿನ ಮನೆಯಿಂದ ಹೊರಬರಲೆಂದೇ ಒಂದು ತಲೆಮಾರು ದುಡಿದಿರುವಾಗ ಆ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಮನೆಯ ಪಶ್ಚಿಮದ ಗೋಡೆಯೊಂದನ್ನು ಮಾತ್ರ ಒಂಬತ್ತು ಇಂಚು ದಪ್ಪಕ್ಕೆ ಮಣ್ಣಿನ ಬ್ಲಾಕಿನಲ್ಲಿ ಕಟ್ಟಲು ಒಪ್ಪಿದರು. ಗೋಡೆ ಎದ್ದ ಮೇಲೆ ಅದಕ್ಕೆ ಗಾರೆ ಬಳಿಯುವುದು ಬೇಡ, ಹಾಗೆಯೇ ಇರಲಿ ಎಂದು ಹೇಳಿದವರೂ ಅವರೇ.

ಮೇಸ್ತ್ರಿಗಳ ಜೊತೆಗಿನ ಕೆಲಸದ ಬಗ್ಗೆ ಬೇಕಾದಷ್ಟು ಬರೆಯಬಹುದು, ಅದು ಇನ್ನೊಂದು ಲೇಖನವೇ ಆದೀತು. ಇಲ್ಲಿ ಇಷ್ಟು ಸಾಕು: ನೂಲು ಹಿಡಿದು ಪಾಯದ ಗುರುತು ಹಾಕುವ ದಿನ ‘ಮೇಡಂ, ಈ ಗೆರೆ ಗೋಡೆ ಮಧ್ಯದ್ದೋ, ಹೊರಗಡೇದೋ?’ ಎಂದು ಮೇಸ್ತ್ರಿ ಕೇಳುವ ಅಗತ್ಯವೇ ಬಾರದಂತೆ ನಕ್ಷೆಯನ್ನು ತಯಾರಿಸಬೇಕೆಂಬುದು ನಾನು ಹಾಕಿಕೊಂಡ ನಿಯಮ. ನಕ್ಷೆಯ ಮೇಲಿನ ಬರಹವೆಲ್ಲ ಕನ್ನಡದಲ್ಲಿರುತ್ತದೆ, ಅಳತೆಗಳು ಅಡಿ ಇಂಚುಗಳಲ್ಲಿರುತ್ತವೆ.

ಅಂತಿಮ ವರ್ಷದ ಪ್ರಬಂಧ ಯೋಜನೆಗೆ ನಾನು ಆರಿಸಿಕೊಂಡದ್ದು ತುಮಕೂರಿನ ಬಡಾವಣೆಯ ಒಂದೇ ಒಂದು ಬೀದಿಯನ್ನು. ಒಂದು ಸೈಟಿನವರು ಬದಿಯಲ್ಲಿ ಮೂರಡಿ ಬಿಡುತ್ತಾರೆ, ಪಕ್ಕದವರೂ ಮೂರಡಿ ಬಿಡುತ್ತಾರೆ, ನಡುವೆ ಕಾಂಪೌಂಡ್ ಗೋಡೆ ಏಳುತ್ತದೆ. ಎರಡೂ ಕಡೆ ಉಳಿಯುವುದು ಬೆಳಕು ಬಾರದ, ಗಾಳಿ ಆಡದ, ಒಡೆದ ಬಕೆಟ್ಟು ಮತ್ತು ಹಳೆಯ ಪೈಪು ಇಡುವ ಓಣಿ. ಆ ಗೋಡೆಯೊಂದನ್ನು ತೆಗೆದರೆ ಆರಡಿ ಅಗಲ, ನಲವತ್ತು ಅಡಿ ಉದ್ದದ ಅಂಗಳವೇ ಸಿಗುತ್ತದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯಲ್ಲಿ ಸುಮಾರು 35 ಚದರ ಮೀಟರಿನ ಸೈಟುಗಳಿಗೂ ಜಗಲಿ, ಓಣಿ, ಹಂಚಿಕೊಂಡ ಅಂಗಳಗಳನ್ನು ಹೊಂದಿಸಿದ್ದರು. ಆ ಕೆಲಸಕ್ಕೆ 1995ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂದಿತು. ನಮ್ಮ ಮೂವತ್ತು ನಲವತ್ತು ಅದರ ಮೂರರಷ್ಟಿದೆ. ಜ್ಯೂರಿಯಲ್ಲಿ ಒಬ್ಬರು ವಿಷಯ ತೀರಾ ಸಣ್ಣದಾಯಿತು ಎಂದರು. ಬೀದಿಯ ಜನರ ಸಂಖ್ಯೆಯನ್ನು ನೋಡಿದರೆ ಸಣ್ಣದಲ್ಲ ಎಂದು ಅಂದು ಉತ್ತರಿಸಿದ್ದೆ, ಇಂದಿಗೂ ಅದೇ ನನ್ನ ಉತ್ತರ.

ಈಗ ಶೆಟ್ಟಿಹಳ್ಳಿ ಕಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿರುವ ಎರಡು ಪಕ್ಕಪಕ್ಕದ ಸೈಟುಗಳ ಕೆಲಸ ನನ್ನ ಮೇಜಿನ ಮೇಲಿದೆ. ದಕ್ಷಿಣದ್ದು ಅಣ್ಣನದು, ಉತ್ತರದ್ದು ತಮ್ಮನದು. ನಡುವಿನ ಗೋಡೆ ಬಿಟ್ಟರೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಹಾಯುವ ಆರಡಿಯ ಅಂಗಳ ಸಿಗುತ್ತದೆ. ಎರಡು ತಾರಸಿಗಳ ನೀರನ್ನು ಅದರ ಕೆಳಗೇ ಹಿಡಿದಿಡಬಹುದು. ವರ್ಷಕ್ಕೆ 600 ಮಿಲಿಮೀಟರ್ ಮಳೆಯೆಂದು ಇಟ್ಟುಕೊಂಡರೂ ಒಂದೊಂದು ತಾರಸಿಯ ಮೇಲೆ ಸುಮಾರು 44,000 ಲೀಟರ್ ನೀರು ಬೀಳುತ್ತದೆ. ತಮ್ಮನಿಗೆ ಇದು ತುಂಬ ಹಿಡಿಸಿತು. ಅಣ್ಣ ಬಹಳ ಹೊತ್ತು ಯೋಚಿಸಿ, ನಾಳೆ ಮಕ್ಕಳ ಕಾಲಕ್ಕೆ ಒಂದು ಮನೆ ಮಾರಬೇಕಾಗಿ ಬಂದರೆ ಏನು ಗತಿ ಎಂದು ಕೇಳಿದರು. ಕೇಳಬೇಕಾದ ಮಾತೇ ಅದು. ಇನ್ನೊಂದು ತೊಡಕೂ ಇದೆ: ತಮ್ಮನ ಮನೆಯ ಆಗ್ನೇಯದ ಅಡುಗೆಮನೆಯ ಕಿಟಕಿ ಈ ಅಂಗಳಕ್ಕೆ ತೆರೆದರೆ, ಅಣ್ಣನ ಮನೆಯ ಈಶಾನ್ಯದ ದೇವರ ಕೋಣೆಯ ಕಿಟಕಿ ಸರಿಯಾಗಿ ಅದರ ಎದುರಿಗೇ ಬರುತ್ತದೆ. ಅಣ್ಣನ ಹೆಂಡತಿ ಇದನ್ನು ನಕ್ಷೆ ನೋಡಿದ ಕೂಡಲೇ ಗುರುತಿಸಿದರು. ಸದ್ಯಕ್ಕೆ ಗಡಿಯ ಉದ್ದಕ್ಕೂ ಗೋಡೆಯ ಪಾಯವನ್ನಷ್ಟೇ ಹಾಕಿಸಿ, ಗೋಡೆ ಏಳಿಸುವ ಮಾತನ್ನು ಗೃಹಪ್ರವೇಶ ಆದ ಮೇಲೆ ನೋಡೋಣ ಎಂದು ಇಬ್ಬರೂ ಒಪ್ಪಿದ್ದಾರೆ. ಅಡುಗೆಮನೆಯ ಕಿಟಕಿಯನ್ನು ನಾಲ್ಕು ಅಡಿ ಪಶ್ಚಿಮಕ್ಕೆ ಸರಿಸಿ, ಒಲೆಯ ಕಟ್ಟೆಯನ್ನು ಅದಕ್ಕೆ ತಕ್ಕಂತೆ ತಿದ್ದಿದ್ದೇನೆ. ಎರಡೂ ಮನೆಗಳ ನಕ್ಷೆಗಳು ಮುಂದಿನ ವಾರ ಪಾಲಿಕೆಗೆ ಹೋಗುತ್ತವೆ.